ಊಟಕ್ಕೆ ಕೂರುವ ಕೆಲಸ

ಡಾಕ್ಟರು ಕೊಟ್ಟ ಮಾತ್ರೆಯನ್ನು ನಮ್ಮ ಮನೆಯವರು ಆಚಮನ ಮಾಡಿ ನುಂಗುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ. ಪೂರ್ವಕ್ಕೆ ಮುಖ ಮಾಡಿ ಕೂತು, ಉದ್ಧರಣೆಯಿಂದ ನೀರು ಕುಡಿದು, ಆ ಸಣ್ಣ ಬಿಳಿ ಮಾತ್ರೆಯನ್ನು ಪ್ರಸಾದದ ಹಾಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮೊದಲು ಕೊಟ್ಟಿದ್ದು ಕ್ಯಾಪ್ಸೂಲು. ಅದರ ಹೊರಗಿನ ಸಿಪ್ಪೆಯನ್ನು ದನದ ಮೂಳೆಯಿಂದ ಮಾಡುತ್ತಾರೆ ಅಂತ ಯಾರೋ ಪುಣ್ಯಾತ್ಮರು ಇವರ ಕಿವಿಗೆ ಹಾಕಿದ್ದರು. ಅವತ್ತಿನಿಂದ ಮುಟ್ಟಲೇ ಇಲ್ಲ. ನಾನು ನಾಚಿಕೆ ಬಿಟ್ಟು ಡಾಕ್ಟ್ರಮ್ಮನಿಗೆ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ‘ಮೊದಲೇ ಕೇಳಬೇಕಿತ್ತು ನಾನು’ ಅಂದು ಬೇರೆ ಮಾತ್ರೆ ಬರೆದುಕೊಟ್ಟರು. ಆ ಹುಡುಗಿಯ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆಗಲೇ.

ನಮ್ಮ ಮನೆಯವರೆಂದರೆ ದತ್ತಮೂರ್ತಿ ಭಟ್ಟರು. ನಾನು ಶಾರದಾಂಬ. ಭಂಡಿಗಡಿಯಲ್ಲಿ ನಮ್ಮ ಮನೆ. ಶೃಂಗೇರಿಯಲ್ಲಿ ವೇದ ಓದಿ ಬಂದ ಮೇಲೆ ಇವರು ಪೌರೋಹಿತ್ಯ ಬಿಟ್ಟು ಬೇರೆ ಕಸುಬು ಕಂಡವರಲ್ಲ. ಸುತ್ತಿನ ಮದುವೆ, ಮುಂಜಿ, ತಿಥಿ ಎಲ್ಲದಕ್ಕೂ ಇವರೇ ಬೇಕು. ಸ್ವರ ಎಷ್ಟು ಗಟ್ಟಿಯೆಂದರೆ ಚಪ್ಪರಕ್ಕೆ ಮೈಕು ತಂದವರು ಇವರು ಶುರು ಮಾಡಿದೊಡನೆ ಅದನ್ನು ಆಫ್ ಮಾಡಿಬಿಡುತ್ತಿದ್ದರು. ಒಂದೇ ಕೆಟ್ಟ ಗುಣ. ತಪ್ಪು ಮಂತ್ರ ಕಿವಿಗೆ ಬಿದ್ದರೆ ತಡೆಯಲಾರರು. ಬೇರೆ ಪುರೋಹಿತರು ಒಂದಕ್ಷರ ನುಂಗಿದರೂ ಪಂಕ್ತಿಯಲ್ಲಿ ಉಣ್ಣುತ್ತ ಕೂತಲ್ಲಿಂದಲೇ ‘ಹಿಂದೆ ಹೋಗಿ’ ಅಂದು ಮತ್ತೆ ಹೇಳಿಸುವರು. ಉಣ್ಣುವ ಬಾಯಿ ಉಣ್ಣಲಿ, ಊರಿನವರನ್ನೆಲ್ಲ ತಿದ್ದುವ ಗುತ್ತಿಗೆ ನಿಮಗೆ ಯಾರು ಕೊಟ್ಟರು ಅಂತ ನಾನು ಎಷ್ಟೋ ಸಲ ರೇಗಿದ್ದೇನೆ.

ಆ ಬಾಯಿ ನಿಂತಿದ್ದು ನೆಮ್ಮಾರಿನಲ್ಲಿ, ಮಂಜಯ್ಯನವರ ಮೊಮ್ಮಗನ ಮುಂಜಿಯ ದಿನ. ಸಂಕಲ್ಪ ಹೇಳಿಸುತ್ತಿದ್ದವರು ನಡುವೆಯೇ ಸುಮ್ಮನಾದರು. ಮುಂದಿನ ಮಾತು ಹೊರಡಲಿಲ್ಲ. ಎದೆ ಹಿಡಿದುಕೊಂಡರು, ಮೈಯೆಲ್ಲ ಬೆವರಿತು, ಕೈ ನಡುಗಿ ಅಕ್ಷತೆ ಚೆಲ್ಲಿತು. ಹಾರ್ಟ್ ಅಟ್ಯಾಕ್ ಅಂತಲೇ ಎಲ್ಲರೂ ಹೆದರಿ ಜೀಪಿನಲ್ಲಿ ಕೊಪ್ಪಕ್ಕೆ ಕರೆದೊಯ್ದರು. ಇ.ಸಿ.ಜಿ. ತೆಗೆದವರು ಹೃದಯ ಕಲ್ಲಿನಂತೆ ಗಟ್ಟಿಯಾಗಿದೆ ಅಂದರು. ಹಾಗಾದರೆ ಆಗಿದ್ದೇನು ಅಂತ ಕೇಳಿದ್ದಕ್ಕೆ ಗ್ಯಾಸ್ ಇರಬಹುದು ಅಂತ ಉತ್ತರ ಬಂತು.

ಗ್ಯಾಸಿಗೆ ಇಷ್ಟು ಶಕ್ತಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಮುಂದಿನ ಮದುವೆಗೆ ಹೊರಟವರು ಬಸ್ ಸ್ಟಾಪಿನಲ್ಲೇ ಕುಸಿದು ಕೂತು ವಾಪಸ್ ಬಂದರು. ಅದರ ಮುಂದಿನದಕ್ಕೆ ಹೊರಡಲೇ ಇಲ್ಲ. ನಿದ್ದೆ ಹೋಯಿತು, ಹಸಿವೆ ಹೋಯಿತು. ಸಂಧ್ಯಾವಂದನೆಗೆ ಕೂತರೂ ನಾಲಿಗೆ ಏಳುವುದಿಲ್ಲ ಅನ್ನುತ್ತಿದ್ದರು. ದಿನವಿಡೀ ಗೋಡೆಗೆ ಮುಖ ಮಾಡಿ ಮಲಗಿರುವರು. ‘ನಾಲಿಗೆ ಮೇಲಿದ್ದ ಸರಸ್ವತಿ ಎದ್ದು ಹೋದ್ಲು ಶಾರದೆ, ಇನ್ನು ನಾನು ಯಾತಕ್ಕೂ ಆಗದವ’ ಅಂದು ಒಂದು ದಿನ ಮಗುವಿನ ಹಾಗೆ ಅತ್ತರು. 

ಊರಿನವರು ಸುಮ್ಮನಿರುತ್ತಾರೆಯೇ? ದೃಷ್ಟಿ ಅಂದರು, ಗ್ರಹಚಾರ ಅಂದರು, ಯಾವುದೋ ಕರ್ಮದಲ್ಲಿ ಲೋಪ ಮಾಡಿದ್ದಾರೆ ಅಂದರು. ಹೇಳಿದ್ದನ್ನೆಲ್ಲ ಮಾಡಿದೆವು. ಕೊನೆಗೆ ಪಕ್ಕದ ಮನೆಯ ಶೇಷಮ್ಮನೇ, ‘ನಮ್ಮ ಸರ್ಕಾರಿ ಆಸ್ಪತ್ರೆಗೆ ಹೊಸಾ ಡಾಕ್ಟ್ರಮ್ಮ ಬಂದಿದಾರೆ ಮಾರಾಯ್ತಿ, ಹೇಳಿದ್ದನ್ನ ಕೇಳಿಸ್ಕೊಳ್ತಾರೆ’ ಅಂದಳು. ಕೇಳಿಸಿಕೊಳ್ಳುವ ಡಾಕ್ಟರು ಅಂದಮೇಲೆ ನೋಡಿಯೇ ಬಿಡೋಣ ಅಂತ ಇವರನ್ನು ಎಬ್ಬಿಸಿಕೊಂಡು ಹೋದೆ.

ಡಾಕ್ಟರ ಹೆಸರು ಅರ್ಪಣಾ. ಮೈಸೂರಿನ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಹೊರಗೆ ಕೆಮ್ಮುವವರು, ಗಾಯ ಕಟ್ಟಿಸಿಕೊಳ್ಳುವವರು ಸಾಲುಗಟ್ಟಿ ನಿಂತಿದ್ದರೂ ಅವರು ಬಾಗಿಲು ಮುಚ್ಚಿ ಇವರ ಮಾತನ್ನು ಪೂರ್ತಿ ಕೇಳಿದರು. ಇದು ಆತಂಕದ ಕಾಯಿಲೆ, ಅದರ ಬೆನ್ನಿಗೆ ಖಿನ್ನತೆಯೂ ಬಂದಿದೆ, ಸಕ್ಕರೆ ಕಾಯಿಲೆ ಬಂದಷ್ಟೇ ಸಹಜ ಅಂದರು. ಇವರಿಗೆ ನಂಬಿಕೆ ಬರಲಿಲ್ಲ.

‘ನಂಗೆ ತಲೆ ಕೆಟ್ಟಿದೆ ಅಂತಾನಾ ನೀವು ಹೇಳದು?’

‘ಅಲ್ಲ ಭಟ್ರೇ. ತಲೆ ಸುಸ್ತಾಗಿದೆ ಅಷ್ಟೇ. ಮಾತ್ರೆ ಅರ್ಧ ಕೆಲಸ ಮಾಡುತ್ತೆ. ಇನ್ನರ್ಧ ನಿಮ್ಮ ಕೈಲಿದೆ, ನಿಮ್ಮ ಸುತ್ತ ಇರೋವರ ಕೈಲೂ ಇದೆ’ ಅಂದರು ಡಾಕ್ಟ್ರಮ್ಮ.

ಆ ಇನ್ನರ್ಧದ ಮಾತು ಆಗ ನನ್ನ ಕಿವಿಗೆ ಅಷ್ಟಾಗಿ ಹೋಗಲಿಲ್ಲ. ಕಾಯಿಲೆಗೆ ಒಂದು ಹೆಸರು ಸಿಕ್ಕಿತಲ್ಲ ಅನ್ನುವ ಸಮಾಧಾನವೇ ದೊಡ್ಡದಾಗಿತ್ತು.

ಮಾತ್ರೆ ಕೂಡಲೇ ಹಿಡಿಯಲಿಲ್ಲ. ಮೊದಮೊದಲು ಹೊಟ್ಟೆ ತೊಳಸು, ತೂಕಡಿಕೆ. ಬಿಡಬೇಡಿ, ಬಿಡಬೇಡಿ ಅಂತ ಡಾಕ್ಟ್ರಮ್ಮ ಹೋದಾಗಲೆಲ್ಲ ಹೇಳುತ್ತಿದ್ದರು. ನಾನು ಎದುರಿಗೆ ನಿಂತು, ನುಂಗುವುದನ್ನು ನೋಡಿಯೇ ಕದಲುತ್ತಿದ್ದೆ. ನಿಧಾನವಾಗಿ ನಿದ್ದೆ ಬಂತು. ಗೊಜ್ಜಿಗೆ ಉಪ್ಪು ಕಡಿಮೆ ಅಂತ ಮುಖ ಸಿಂಡರಿಸಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆಮೇಲೊಂದು ಬೆಳಿಗ್ಗೆ ರೇಡಿಯೋದಲ್ಲಿ ಯಾರೋ ಶ್ಲೋಕ ಹೇಳುತ್ತಿದ್ದರು. ಇವರು ಬಚ್ಚಲಿನಿಂದಲೇ ‘ಹಿಂದೆ ಹೋಗಿ!’ ಅಂತ ಕೂಗಿದರು. ನಾನು ದೋಸೆ ಕಾವಲಿ ಮೇಲೆ ಬಿಟ್ಟು ಓಡಿ ಬಂದು ನಿಂತೆ. ದೋಸೆ ಸೀದು ಹೋಯಿತು. ಹೋಗಲಿ ಅಂದುಕೊಂಡೆ.

ಅಲ್ಲಿಂದ ದಿನಾ ಬೆಳಿಗ್ಗೆ ದೇವರ ಮುಂದೆ ಕೂತು ರುದ್ರ ಹೇಳತೊಡಗಿದರು. ಮೊದಲು ಪಿಸುಮಾತಿನಲ್ಲಿ, ಆಮೇಲೆ ಜಗಲಿಗೆ ಕೇಳುವಷ್ಟು, ಆಮೇಲೆ ಶೇಷಮ್ಮನ ಮನೆಗೆ ಕೇಳುವಷ್ಟು. ಡಾಕ್ಟ್ರಮ್ಮನಿಗೆ ಇದನ್ನು ಹೇಳಿದಾಗ ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು.

‘ಇನ್ನು ಹೊರಗೆ ಹೋಗಬೇಕು ಭಟ್ರೇ. ಎಲ್ಲಿ ಭಯ ಆಗಿ ಎದ್ದು ಬಂದ್ರೋ ಅಲ್ಲೇ ಹೋಗಿ ಕೂತ್ಕೋಬೇಕು. ಎದೆ ಹೊಡ್ಕೊಂಡ್ರೂ ಪರವಾಗಿಲ್ಲ, ಏಳಬಾರದು. ಒಂದು ಕಾರ್ಯ ಪೂರ್ತಿ ಮುಗಿಸಿದ್ರೆ ಸಾಕು, ನಿಮ್ಮ ಮೇಲೆ ನಿಮಗೆ ಮತ್ತೆ ನಂಬಿಕೆ ಬರುತ್ತೆ. ತುಂಬಾ ದಿನ ಮನೇಲೇ ಕೂತ್ರೆ ಮಾತ್ರೆ ಒಂದರಿಂದಲೇ ಆಗಲ್ಲ.’

ಇವರು ನನ್ನ ಕಡೆ ನೋಡಿದರು. ‘ಕರೆದ್ರೆ ಹೋಗ್ತೀನಪ್ಪ’ ಅಂದರು.

ಅಲ್ಲೇ ಇದ್ದಿದ್ದು ತೊಡಕು. ಕರೆಯುವವರೇ ಇಲ್ಲ. ಯಾರಿಗೂ ಇವರ ಮೇಲೆ ಸಿಟ್ಟಾಗಲಿ ತಾತ್ಸಾರವಾಗಲಿ ಇರಲಿಲ್ಲ, ಇದ್ದಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ. ಎಲ್ಲರಿಗೂ ಪ್ರೀತಿಯೇ. ಬಂದವರು ಚೀಲ ತುಂಬ ಕಿತ್ತಳೆ ತರುವರು, ಸಾವಿನ ಮನೆಗೆ ಬಂದವರ ಹಾಗೆ ಮೆಲ್ಲಗೆ ಮಾತಾಡುವರು, ಇವರೆದುರು ಜೋರಾಗಿ ಕೆಮ್ಮಲೂ ಹೆದರುವರು. ಹೋಗುವಾಗ ಮಾತ್ರ ‘ಭಟ್ರು ಇನ್ನೊಂದಿಷ್ಟು ಕಾಲ ವಿಶ್ರಾಂತಿ ತಗೊಳ್ಳಿ’ ಅನ್ನುವರು.

ಕೊನೆಗೆ ನಾನೇ ಹೊರಟೆ. ಪುರೋಹಿತರ ಹೆಂಡತಿ ಮನೆಮನೆಗೆ ಹೋಗಿ ನಮ್ಮವರಿಗೆ ಪೂಜೆ ಕೊಡಿ ಅಂತ ಕೇಳುವುದು ಎಲ್ಲಾದರೂ ಉಂಟೇ? ಕೇಳಿದೆ. ಶೇಷಮ್ಮ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದಳು.

‘ಅಯ್ಯೋ ಶಾರದಕ್ಕ, ನಿಮ್ಮವ್ರನ್ನ ಬಿಟ್ಟು ಬೇರೆಯವ್ರನ್ನ ಕರೆಯಕ್ಕೆ ನಂಗೆ ಖುಷಿಯಾ? ಆದ್ರೆ ನಮ್ಮ ಮನೇಲಿ ಏನಾದ್ರೂ ಆದ್ರೆ ಆ ಪಾಪ ನಂಗೆ ಬೇಡ’ ಅಂದಳು.

‘ಏನೂ ಆಗಲ್ಲ ಮಾರಾಯ್ತಿ. ದಿನಾ ನಿನ್ನ ಕಿವಿಗೇ ಬೀಳತ್ತಲ್ಲ ಅವರ ಮಂತ್ರ.’

‘ಬೀಳತ್ತೆ. ಚಂದ ಹೇಳ್ತಾರೆ. ಮನೇಲೇ ಹೇಳ್ಕೊಂಡು ಆರಾಮಾಗಿರಲಿ.’

ಮಂಜಯ್ಯನವರಿಗೆ ಫೋನು ಮಾಡಿದೆ. ಅವರು ಇನ್ನೂ ಒಂದು ಹೆಜ್ಜೆ ಮುಂದೆ. ‘ಭಟ್ರು ನಮ್ಮಿಂದ ಕಾಯಿಲೆ ಬಿದ್ರು, ಮತ್ತೆ ಅವ್ರಿಗೆ ತ್ರಾಸು ಕೊಟ್ರೆ ದೇವ್ರು ಮೆಚ್ತಾನಾ’ ಅಂತ ಗದ್ಗದರಾದರು. ಇಂಥವರನ್ನು ಏನೆಂದು ಬೈಯುವುದು? ಫೋನು ಇಟ್ಟು ತಲೆ ಮೇಲೆ ಕೈ ಹೊತ್ತು ಕೂತೆ.

ಉಳಿದಿದ್ದು ನನ್ನ ತವರು. ಮಾಘ ಮಾಸದಲ್ಲಿ ನಮ್ಮ ಅಪ್ಪಯ್ಯನ ತಿಥಿ. ನನ್ನ ತಮ್ಮ ರಘುಪತಿ ಕೊಪ್ಪದ ಹತ್ತಿರದ ನಾರ್ವೆ ಊರಿನಲ್ಲಿ ಮಾಡುತ್ತಾನೆ, ಪ್ರತಿ ವರ್ಷ ಇವರೇ ಹೋಗಿ ಮಾಡಿಸುತ್ತಿದ್ದರು. ಈ ಸಲ ಅವನೂ ಬೇರೆಯವರಿಗೆ ಹೇಳಿಬಿಡುತ್ತಾನೋ ಎಂದು ಮುಂಚೆಯೇ ಬಸ್ಸು ಹತ್ತಿ ಹೋಗಿ ಅವನೆದುರು ಕೂತೆ. ಡಾಕ್ಟ್ರಮ್ಮ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಇದೊಂದು ಕಾರ್ಯ ಇವರು ಮಾಡಿಸಿ ಮುಗಿಸಿದರೆ ಮತ್ತೆ ಮನುಷ್ಯರಾಗುತ್ತಾರೆ, ಇಲ್ಲವಾದರೆ ಇಲ್ಲ ಅಂದೆ. ರಘುಪತಿ ನನ್ನ ಕೈ ಹಿಡಿದುಕೊಂಡ.

‘ಅಷ್ಟು ಹೇಳ್ಬೇಕಾ ಅಕ್ಕ? ಅಪ್ಪಯ್ಯನ ತಿಥಿ ಭಾವನೇ ಮಾಡಿಸ್ಲಿ. ನಂದು ಮಾತು.’

ಈ ಸುದ್ದಿ ಹೇಳಿದ್ದೇ ತಡ, ಇವರು ಎದ್ದು ಹೋಗಿ ಅಟ್ಟದ ಮೇಲಿದ್ದ ದರ್ಭೆಯ ಕಟ್ಟು ಇಳಿಸಿ ಧೂಳು ಕೊಡವಿದರು. ಮಡಿಪಂಚೆ ಒಗೆದು ಒಣಗಿಸಿದರು. ಶ್ರಾದ್ಧದ ಮಂತ್ರವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಕೊಂಡರು, ಮತ್ತೆ ಹೇಳಿಕೊಂಡರು, ನನ್ನನ್ನೇ ತಿಥಿ ಮಾಡುವ ಕರ್ತೃವಿನ ಜಾಗದಲ್ಲಿ ಕೂರಿಸಿ ಹೇಳಿಸಿದರು. ಹೆಂಗಸು ಹೇಳುವ ಮಂತ್ರವಾ ಅದು ಅಂತ ನಾನು ಕಾಲೆಳೆದರೆ, ‘ಅಭ್ಯಾಸಕ್ಕೆ ದೋಷ ಇಲ್ಲ ಮಾರಾಯ್ತಿ’ ಅಂದು ನಕ್ಕರು. ಎಷ್ಟು ಕಾಲದ ಮೇಲೆ ಕಂಡ ನಗು ಅದು! ತಿಥಿಯ ಬೆಳಿಗ್ಗೆ ಹೊರಡುವಾಗ ಮಾತ್ರ ಕೈ ಸ್ವಲ್ಪ ನಡುಗುತ್ತಿತ್ತು. ಮಾತ್ರೆ ನುಂಗಿ, ‘ಎದೆ ಹೊಡ್ಕೊಂಡ್ರೂ ಏಳಲ್ಲ’ ಅಂದರು. ಅಷ್ಟು ಧೈರ್ಯ ಮಾಡಿದ್ದರು.

ನಾರ್ವೆಯ ಮನೆಯ ಒಳಗೆ ಕಾಲಿಟ್ಟಾಗ ಪುರೋಹಿತರ ಮಣೆಯ ಮೇಲೆ ಎನ್.ಆರ್. ಪುರದ ಹರಿಹರ ಭಟ್ಟರು ಕೂತು ದರ್ಭೆಯ ಪವಿತ್ರದುಂಗುರ ಕಟ್ಟುತ್ತಿದ್ದರು.

ನನಗೆ ಅರ್ಥವಾಗಲು ಕ್ಷಣ ಹಿಡಿಯಿತು. ಇವರಿಗೆ ಕೂಡಲೇ ಅರ್ಥವಾಯಿತು. ಕೈಯಲ್ಲಿದ್ದ ದರ್ಭೆಯ ಕಟ್ಟನ್ನು ಬೆನ್ನ ಹಿಂದಕ್ಕೆ ಮಾಡಿಕೊಂಡರು. ರಘುಪತಿ ಮಡಿಪಂಚೆಯಲ್ಲಿ ಓಡಿ ಬಂದ. ಅವನ ಮುಖದಲ್ಲಿ ಕಳ್ಳತನವಿರಲಿಲ್ಲ. ಒಳ್ಳೆಯ ಕೆಲಸ ಮಾಡಿದವನ ಕಳೆ ಇತ್ತು.

‘ಭಾವ, ತಪ್ಪು ತಿಳ್ಕೊಬೇಡಿ. ಆಮೇಲೆ ಕೂತು ಯೋಚನೆ ಮಾಡಿದೆ. ಮಧ್ಯ ಎಲ್ಲಾದ್ರೂ ನಿಂತುಹೋದ್ರೆ ಅಪ್ಪಯ್ಯ ಹಸ್ಕೊಂಡು ವಾಪಸ್ ಹೋಗ್ತಾರಲ್ಲ? ಅದಕ್ಕೆ ಹರಿಹರ ಭಟ್ರನ್ನ ಕರೆಸಿದೆ. ಹಾಂಗಂತ ನಿಮ್ಮನ್ನ ಬಿಡ್ತೀನಾ? ನೀವು ಪಿತೃಸ್ಥಾನಕ್ಕೆ ಕೂತ್ಕೊಳ್ಳಿ. ಒಂದು ಮಂತ್ರ ಹೇಳೋ ತ್ರಾಸೂ ಇಲ್ಲ, ಸುಮ್ನೆ ಊಟ ಮಾಡಿದ್ರೆ ಆಯ್ತು.’

ತಿಥಿಯಲ್ಲಿ ಬ್ರಾಹ್ಮಣರನ್ನು ಕೂರಿಸಿ ಉಣ್ಣಿಸುವುದು ಪದ್ಧತಿ. ಒಬ್ಬರು ದೇವರ ಸ್ಥಾನಕ್ಕೆ, ಇನ್ನೊಬ್ಬರು ತೀರಿಹೋದವರ ಸ್ಥಾನಕ್ಕೆ. ಸತ್ತವರನ್ನು ಅವರಲ್ಲಿ ಆವಾಹನೆ ಮಾಡುತ್ತಾರೆ. ಕೂತವರು ಮಾತಾಡುವಂತಿಲ್ಲ, ಬೇಕು ಬೇಡ ಅನ್ನುವಂತಿಲ್ಲ, ಚೆನ್ನಾಗಿದೆ ಅನ್ನುವಂತೆಯೂ ಇಲ್ಲ. ನನ್ನ ಗಂಡನಿಗೆ ನನ್ನ ತಮ್ಮ ಕೊಟ್ಟ ಮರ್ಯಾದೆ ಇದು.

‘ರಘು, ನೀನು ನಂಗೆ ಮಾತು ಕೊಟ್ಟಿದ್ದೆ’ ಅಂದೆ. ಸ್ವರ ಏರಿತ್ತು. ಅಡುಗೆ ಮನೆಯಿಂದ ಅವನ ಹೆಂಡತಿ ತುಂಗಾ ಇಣುಕಿದಳು.

‘ಅಕ್ಕ, ಭಾವನ ಒಳ್ಳೇದಕ್ಕೇ ಅಲ್ವಾ ಮಾಡಿದ್ದು?’

‘ಶಾರದೆ, ಸುಮ್ನಿರು’ ಅಂದರು ಇವರು. ‘ತಿಥಿ ಮನೇಲಿ ಎಂತಕ್ಕೆ ಗಲಾಟೆ. ಎಲ್ಲಿ ಕೂರ್ಬೇಕು ಹೇಳು ರಘು.’

ನನ್ನದು ಬಾಯಿ ಜೋರು ಅಂತ ಊರಿಗೇ ಗೊತ್ತು. ಆ ದಿನ ಅದು ಉಪಯೋಗಕ್ಕೆ ಬರಲಿಲ್ಲ. ಒಳಗೆ ಅಡುಗೆ ಆಗಿತ್ತು, ಎಲೆ ತೊಳೆದಿಟ್ಟಿದ್ದರು, ಪಿತೃಸ್ಥಾನಕ್ಕೆ ಕೂರಲು ಬೇರೆ ಯಾರೂ ಸಿಕ್ಕಿರಲಿಲ್ಲ. ನಾನು ಇವರ ಕೈ ಹಿಡಿದು ಎಬ್ಬಿಸಿಕೊಂಡು ಹೊರಟರೆ ತಿಥಿ ನಿಲ್ಲುತ್ತದೆ. ಉಪವಾಸ ಬೀಳುವುದು ಬೇರೆ ಯಾರ ಅಪ್ಪನೂ ಅಲ್ಲ, ನನ್ನ ಅಪ್ಪಯ್ಯನೇ. ಹೆಗಲ ಮೇಲೆ ಕೂರಿಸಿಕೊಂಡು ಹೊಳೆಯಲ್ಲಿ ಮೀನು ತೋರಿಸಿದ ಅಪ್ಪಯ್ಯ. ಇತ್ತ ಗಂಡ, ಅತ್ತ ಅಪ್ಪ. ಬಾಗಿಲ ಸಂದಿಗೆ ಹೋಗಿ ನಿಂತುಕೊಂಡೆ. ಕೊಟ್ಟ ಹೆಣ್ಣು, ಪಿತೃಗಳ ಅಡುಗೆಗೆ ಕೈ ಹಾಕುವ ಹಾಗೂ ಇರಲಿಲ್ಲ.

ರಘುಪತಿ ಜನಿವಾರವನ್ನು ಬಲ ಹೆಗಲಿಗೆ ಹಾಕಿಕೊಂಡು ಇವರ ಕಾಲು ತೊಳೆದ. ಉತ್ತರಕ್ಕೆ ಮುಖ ಮಾಡಿಸಿ ಕೂರಿಸಿದ. ಅಪ್ಪಯ್ಯನ ಹೆಸರು, ಗೋತ್ರ ಹೇಳಿ ಇವರ ಮೇಲೆ ಎಳ್ಳು ಹಾಕಿದ. ನನ್ನ ಗಂಡನನ್ನು ನನ್ನ ಸತ್ತ ಅಪ್ಪನ ಹೆಸರಿನಿಂದ ಕರೆಯುವುದನ್ನು ನಾನು ಕಣ್ಣಾರೆ ನೋಡಿದೆ. ಇವರ ಕೈ ನಡುಗುವುದು ನಿಂತುಹೋಗಿತ್ತು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಇವರು ಉಣ್ಣುತ್ತಿದ್ದಾಗ ಹರಿಹರ ಭಟ್ಟರು ಪಕ್ಕದಲ್ಲಿ ಕೂತು ವೇದ ಹೇಳುತ್ತಿದ್ದರು. ವಯಸ್ಸಾದವರು, ಆಯಾಸವಾಗಿರಬೇಕು, ಒಂದು ಕಡೆ ಸಾಲೊಂದನ್ನು ಬಿಟ್ಟು ಮುಂದಕ್ಕೆ ಹಾರಿದರು. ಇಷ್ಟು ದಿನ ಮನೆಯಲ್ಲಿ ಕೇಳಿ ಕೇಳಿ ನನಗೂ ಗೊತ್ತಾಯಿತು. ತಕ್ಷಣ ಇವರ ಕೈ ಎಲೆಯ ಮೇಲೆ ನಿಂತಿತು. ತಲೆ ಎತ್ತಿದರು. ಗಂಟಲಮಣಿ ಮೇಲಕ್ಕೆ ಬಂತು. ಹೇಳಿ, ಹಿಂದೆ ಹೋಗಿ ಅನ್ನಿ, ಅನ್ನಿ ಒಂದು ಸಲ ಅಂತ ನಾನು ಬಾಗಿಲ ಚೌಕಟ್ಟು ಹಿಡಿದು ಮನಸ್ಸಿನಲ್ಲೇ ಕೂಗಿಕೊಂಡೆ. ಅವರಿಗೆ ಎಲ್ಲವೂ ನೆನಪಿತ್ತು. ಸರಸ್ವತಿ ಎಲ್ಲಿಗೂ ಹೋಗಿರಲಿಲ್ಲ.

ಇವರು ತಲೆ ತಗ್ಗಿಸಿ ವಡೆ ಮುರಿದು ಬಾಯಿಗೆ ಹಾಕಿಕೊಂಡರು.

ಊಟವಾದ ಮೇಲೆ ಕರ್ತೃ ಕೈ ಮುಗಿದು ತೃಪ್ತಿಯಾಯಿತೇ ಅಂತ ಕೇಳುವುದು ಕ್ರಮ. ರಘುಪತಿ ‘ತೃಪ್ತಾಃ ಸ್ಥ?’ ಅಂದ. ಹೌದು ಅನ್ನದೆ ಬೇರೆ ಉತ್ತರವೇ ಶಾಸ್ತ್ರದಲ್ಲಿಲ್ಲ. ‘ತೃಪ್ತಾಃ ಸ್ಮಃ’ ಅಂದರು ಇವರು. ಸ್ವರ ಸ್ಪಷ್ಟವಾಗಿತ್ತು, ಸಣ್ಣದಾಗಿತ್ತು.

ಬಸ್ಸಿನಲ್ಲಿ ನಾನು ತಮ್ಮನನ್ನು ಬೈದೆ, ಹರಿಹರ ಭಟ್ಟರನ್ನು ಬೈದೆ, ತುಂಗಾಳನ್ನೂ ಬಿಡಲಿಲ್ಲ. ಇವರು ಕಿಟಕಿಯ ಹೊರಗೆ ನೋಡುತ್ತ, ‘ಒಳ್ಳೆ ಅಡುಗೆ ಮಾಡಿದ್ಲು ತುಂಗಾ’ ಅಂದರು. ದರ್ಭೆಯ ಕಟ್ಟು ಸೀಟಿನ ಕೆಳಗೇ ಉಳಿಯಿತು. ಮರೆತರೋ ಬಿಟ್ಟರೋ ನಾನು ಕೇಳಲಿಲ್ಲ.

ಆಮೇಲೆ ನಮ್ಮ ಮನೆಯ ಫೋನು ಹೊಡೆದುಕೊಳ್ಳತೊಡಗಿತು. ಈ ಕಾಲದಲ್ಲಿ ತಿಥಿಗೆ ಕೂರುವವರು ಸಿಗುವುದಿಲ್ಲ. ಶ್ರಾದ್ಧದ ಊಟ ಉಂಡರೆ ಅದರ ದೋಷವನ್ನು ಜಪ ಮಾಡಿ ಕಳೆದುಕೊಳ್ಳಬೇಕು ಅಂತ ಎಲ್ಲರೂ ಹಿಂದೇಟು ಹಾಕುತ್ತಾರೆ. ವೇದ ಓದಿದ, ಸಂಭಾವಿತ, ಮನೆಯಲ್ಲೇ ಇರುವ ಒಬ್ಬರು ನಾರ್ವೆಯಲ್ಲಿ ಕೂತರಂತೆ ಅನ್ನುವ ಸುದ್ದಿ ಎಲ್ಲ ಕಡೆ ಹಬ್ಬಿತು. ಮಂಜಯ್ಯನವರೇ ಮೊದಲು ಫೋನು ಮಾಡಿದರು. ‘ಭಟ್ರಿಗೆ ಒಂಚೂರೂ ತ್ರಾಸು ಕೊಡಲ್ಲ, ಜೀಪು ಕಳಿಸ್ತೀನಿ, ಬಂದು ಕೂತ್ರೆ ಸಾಕು’ ಅಂದರು. ಬರಲ್ಲ ಅಂತ ನಾನು ಹೇಳುವಷ್ಟರಲ್ಲಿ ಇವರು ರಿಸೀವರ್ ಕೈಯಿಂದ ತೆಗೆದುಕೊಂಡು ‘ಬರ್ತೀನಿ’ ಅಂದರು. ಆಮೇಲೆ ಕರೆದವರಿಗೆಲ್ಲ ಅದೇ ಉತ್ತರ.

ಶೇಷಮ್ಮ ಕೂಡ ಮಾವನ ತಿಥಿಗೆ ಕರೆದಳು. ಅವಳಿಗೆ ಖುಷಿಯೋ ಖುಷಿ. ‘ನೋಡಿ ಶಾರದಕ್ಕ, ಭಟ್ರು ಮತ್ತೆ ಓಡಾಡ ಹಾಂಗಾದ್ರಲ್ಲ!’

ಓಡಾಡುತ್ತಿದ್ದರು, ಸುಳ್ಳಲ್ಲ. ಬೆಳಿಗ್ಗೆ ಸ್ನಾನ ಮಾಡಿ ಹೊರಡುವರು, ಮಧ್ಯಾಹ್ನ ಕಳೆದು ಬರುವರು. ದೇವರ ಮುಂದೆ ರುದ್ರ ಹೇಳುವುದು ಮಾತ್ರ ನಿಂತಿತು. ರೇಡಿಯೋದವರು ಏನು ಬೇಕಾದರೂ ತಪ್ಪು ಹೇಳಲಿ, ಇವರು ಸುಮ್ಮನೆ ಇರುವರು. ಒಂದು ದಿನ ನಾನೇ ಬೇಕೆಂದು ಶಾಂತಿಮಂತ್ರವನ್ನು ತಪ್ಪು ತಪ್ಪಾಗಿ ಗಟ್ಟಿಯಾಗಿ ಹೇಳಿದೆ. ಪಂಚೆ ಮಡಚುತ್ತಿದ್ದವರು ಮಡಚುತ್ತಲೇ ಇದ್ದರು. ಹಿತ್ತಲಿಗೆ ಹೋಗಿ ಅತ್ತೆ.

ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟ್ರಮ್ಮ ಇವರ ಮುಖ ನೋಡಿಯೇ ಅರಳಿದರು. ತೂಕ ನೋಡಿದರು, ಏರಿತ್ತು. ನಿದ್ದೆ? ಬರುತ್ತದೆ. ಎದೆ ಹೊಡೆದುಕೊಳ್ಳುವುದು? ಇಲ್ಲ. ಸಾಯಬೇಕು ಅನ್ನಿಸುವುದು? ಇಲ್ಲ. ಹೊರಗೆ ಹೋಗುತ್ತಿದ್ದೀರಾ?

‘ಹೋಗ್ತಾ ಇದೀನಿ. ಕಾರ್ಯಗಳಿಗೆ ಕರೀತಾರೆ’ ಅಂದರು ಇವರು.

‘ನಾನು ಹೇಳಿರಲಿಲ್ವಾ! ಪೂರ್ತಿ ಮುಗಿಯೋವರೆಗೂ ಕೂತಿರ್ತೀರಾ?’

‘ಕೂತಿರ್ತೀನಿ.’

ನನಗೆ ತಡೆಯಲಾಗಲಿಲ್ಲ. ‘ಅದು ಹಾಂಗಲ್ಲ ಡಾಕ್ಟ್ರಮ್ಮ. ಇವರು ಮಾಡಿಸಕ್ಕೆ ಹೋಗದಲ್ಲ, ಊಟಕ್ಕೆ ಕೂರಕ್ಕೆ ಹೋಗದು. ಮಂತ್ರ ಹೇಳದೇ ಬಿಟ್ಟಿದಾರೆ. ಮನೇಲೂ ಹೇಳಲ್ಲ’ ಅಂದೆ.

ಅವರು ಇಬ್ಬರನ್ನೂ ನೋಡಿದರು. ಅವರ ಕಡೆ ಈ ಪದ್ಧತಿ ಇಲ್ಲವೋ ಏನೋ, ವ್ಯತ್ಯಾಸ ಅವರಿಗೆ ಹೊಳೆಯಲಿಲ್ಲ. ಹೇಳಿ ತಿಳಿಸಲು ಹೊರಟೆ. ಯಾರ ಸ್ಥಾನದಲ್ಲಿ ಕೂರಿಸುತ್ತಾರೆ, ಯಾರ ಹೆಸರಿನಿಂದ ಕರೆಯುತ್ತಾರೆ, ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಹೊರಗೆ ಒಂದು ಮಗು ಕಿರುಚಿ ಅಳತೊಡಗಿತು, ನರ್ಸು ಬಂದು ಜ್ವರ ಜಾಸ್ತಿಯಾಗಿದೆ ಅಂದಳು.

‘ಎಲ್ಲಾ ಒಂದೇ ಸಲಕ್ಕೆ ಬರಲ್ಲಮ್ಮ. ಜನರ ಮಧ್ಯೆ ಹೋಗ್ತಿದಾರಲ್ಲ, ಅದೇ ದೊಡ್ಡದು’ ಅಂತ ಡಾಕ್ಟ್ರಮ್ಮ ನನ್ನ ಭುಜ ಮುಟ್ಟಿದರು. ಆಮೇಲೆ ಇವರ ಕಡೆ ತಿರುಗಿ, ‘ಹೀಗೇ ಇದ್ರೆ ಮಾತ್ರೆ ನಿಧಾನಕ್ಕೆ ಕಡಿಮೆ ಮಾಡೋಣ. ನೀವು ಹೇಳಿ ಭಟ್ರೇ, ಈಗ ಸಮಾಧಾನವಾಗಿದೆಯಾ?’ ಅಂತ ಕೇಳಿದರು.

ಇವರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಕಣ್ಣು ಕೆಳಗೆ ಮಾಡಿ, ‘ತೃಪ್ತಾಃ ಸ್ಮಃ’ ಅಂದರು.

‘ಏನಂದ್ರು?’ ಅಂತ ಡಾಕ್ಟ್ರಮ್ಮ ನಗುತ್ತ ನನ್ನನ್ನು ಕೇಳಿದರು.

‘ತೃಪ್ತಿ ಆಯ್ತಂತೆ’ ಅಂದೆ.